ಬರಿಗಾಲಿನ ಆಟಗಾರ ಮತ್ತು ನಮ್ಮ ಮಾವನವರು

ನನ್ನ ಅಡಿಗೆ ಪುಸ್ತಕದಲ್ಲಿ ಹಾಗಲಕಾಯಿ ಗೊಜ್ಜಿಗೂ ನಿಂಬೆಹಣ್ಣಿನ ಉಪ್ಪಿನಕಾಯಿಗೂ ನಡುವೆ ಒಂದು ದಿನಪತ್ರಿಕೆಯ ತುಣುಕು ಅಂಟಿಸಿದೆ. ಪುಸ್ತಕ ಅಂದರೆ ಅಚ್ಚಾದದ್ದಲ್ಲ. ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ನಾನೇ ಬರೆದಿಟ್ಟುಕೊಂಡ ಇನ್ನೂರು ಪುಟದ ನೋಟ್ ಪುಸ್ತಕ. ನೋಡಿದವರೆಲ್ಲ, "ಇದೇನ್ರೀ, ಇಲ್ಲಿ ಯಾರೋ ಸಾಹೇಬರ ಫೋಟೋ ಇದೆಯಲ್ಲ!" ಎಂದು ಕೇಳುತ್ತಾರೆ. "ಫುಟ್‌ಬಾಲ್ ಆಟಗಾರರು, ನಮ್ಮ ಬೆಂಗಳೂರಿನವರೇ" ಎಂದರೆ ಇನ್ನಷ್ಟು ಆಶ್ಚರ್ಯ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆಟಗಳಲ್ಲಿ ನನಗೆ ಗೊತ್ತಿದ್ದುದು ಕುಂಟೆಬಿಲ್ಲೆ, ಸ್ಕೂಲಿನಲ್ಲಿ ಆಡಿದ ಥ್ರೋಬಾಲ್, ಅಷ್ಟೆ. ನಾನು ಫುಟ್‌ಬಾಲಿನ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ನನ್ನ ತಂಗಿಯೇ ನಂಬಲಿಕ್ಕಿಲ್ಲ.

ನಮ್ಮ ಮನೆ ಇರುವುದು ರಾಜಾಜಿನಗರದಲ್ಲಿ. 1949ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಬಡಾವಣೆ ಇದು. ಮೊದಲಿಗೆ ಕಾರ್ಖಾನೆಗಳಿಗೆಂದೇ, ಅದರಲ್ಲಿ ದುಡಿಯುವವರಿಗೆಂದೇ ಮಾಡಿದ್ದು. ಮಾವನವರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲಿಯೇ ನಿವೃತ್ತರಾದರು. ಹುಟ್ಟಿ ಬೆಳೆದದ್ದು ಶ್ರೀರಾಮಪುರದ ವಠಾರದಲ್ಲಿ, 1936ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಅಣ್ಣನ ಸೈಕಲ್ಲಿನ ಹಿಂದೆ ಕೂತು ದಂಡಿನ ಕಡೆ ಫುಟ್‌ಬಾಲ್ ನೋಡಲು ಹೋಗುತ್ತಿದ್ದರಂತೆ. ಆಮೇಲೆ ಕಾರ್ಖಾನೆಯ ಎರಡನೇ ತಂಡದಲ್ಲಿ ತಾವೂ ಆಡಿದರಂತೆ. ಎರಡನೇ ತಂಡ ಎಂಬ ಮಾತನ್ನು ಅವರು ಎಂದೂ ಬಿಟ್ಟು ಹೇಳಿದವರಲ್ಲ. "ಮೊದಲನೇ ಟೀಮಿಗೆ ನಾನು ಸಾಲ್ತಿರಲಿಲ್ಲಮ್ಮ" ಎಂದು ನಗುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅದು ಆಟದ ಗುರುತು.

ಬೆಂಗಳೂರಿನಲ್ಲಿ ಫುಟ್‌ಬಾಲ್ ಎಂದರೆ ಪೂರ್ವದ ಕಡೆಯದು. ಹಲಸೂರು, ಆಸ್ಟಿನ್ ಟೌನ್, ಗೌತಮಪುರ. ಗೌತಮಪುರದಲ್ಲಂತೂ ಬ್ರೆಜಿಲ್‌ನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ನಮ್ಮ ಪಶ್ಚಿಮದ ಕಡೆ ಹುಡುಗರಿಗೆ ಕಬಡ್ಡಿ, ಇಲ್ಲವೆ ರಸ್ತೆಯಲ್ಲೇ ಕ್ರಿಕೆಟ್ಟು. ಹಾಗಾಗಿ ಮಾವನವರ ಹುಚ್ಚಿಗೆ ಬೀದಿಯಲ್ಲಿ ಜೊತೆ ಸಿಕ್ಕಿರಲಿಲ್ಲ. ನಮ್ಮವರಿಗೆ ಆಟ ಎಂದರೇ ನಿದ್ದೆ.

2002ರಲ್ಲಿ ನನ್ನ ಮಗನಿಗೆ ಮೂರು ನಾಲ್ಕು ತಿಂಗಳು. ನಾನು ತವರಿನಿಂದ ಬಾಣಂತನ ಮುಗಿಸಿಕೊಂಡು ಬಂದಿದ್ದೆ. ಆ ಸಲ ವಿಶ್ವಕಪ್ಪು ಕೊರಿಯಾ, ಜಪಾನ್ ದೇಶಗಳಲ್ಲಿ, ಹಾಗಾಗಿ ನಮಗೆ ಮಧ್ಯಾಹ್ನವೇ ಆಟ. ಮೊದಲನೇ ದಿನವೇ ಸೆನೆಗಲ್ ಎಂಬ ಆಫ್ರಿಕಾದ ದೇಶ ಫ್ರಾನ್ಸನ್ನು ಒಂದು ಗೋಲಿನಿಂದ ಸೋಲಿಸಿಬಿಟ್ಟಿತು. ಮಾವನವರು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದ ಸದ್ದಿಗೆ ಆಗತಾನೆ ಮಲಗಿಸಿದ್ದ ಕೂಸು ಬೆಚ್ಚಿ ಎದ್ದಿತು. ನನಗೋ ಸಿಟ್ಟು. ಅತ್ತೆಯವರು ಒಳಗಿನಿಂದ, "ಆ ಫ್ರಾನ್ಸಿನೋರು ನಿಮಗೇನು ಮಾಡಿದ್ರೂ ಅಂತೀನಿ!" ಎಂದರು. "ಮಾಡಿದಾರೆ, ನಿಂಗೊತ್ತಿಲ್ಲ" ಎಂದು ಮಾವನವರು ಕೂತರು. ಅವರು ಹೇಳಿದ್ದೇನು ಎಂದು ನನಗೆ ತಿಳಿದದ್ದು ಹದಿನೈದು ವರ್ಷದ ಮೇಲೆ.

ಅತ್ತೆಯವರು ತೀರಿಕೊಂಡ ಮೇಲೆ ಮಾವನವರಿಗೆ ಮೊಮ್ಮಗನೇ ಲೋಕ. ಮೈದಾನಕ್ಕೆ ಕರೆದುಕೊಂಡು ಹೋಗಿ ಚೆಂಡು ತುಳಿಯುವುದು ಹೇಳಿಕೊಟ್ಟರು. ಅಲ್ಲಿಯವರೆಗೂ ನನಗೇನೂ ಬೇಸರವಿರಲಿಲ್ಲ. ಆದರೆ 2017ರಲ್ಲಿ ಮಗ ಹತ್ತನೇ ತರಗತಿಗೆ ಬಂದ. ಹತ್ತನೇ ತರಗತಿ ಎಂದರೆ ಮನೆಯೆಲ್ಲ ಪರೀಕ್ಷೆ ಕಟ್ಟಿದ ಹಾಗೆ. ತಾಯಂದಿರಿಗೆ ಹೇಳಬೇಕಾದ್ದಿಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು, ಹಾಲು ಕಾಯಿಸಿ ಕೊಡುವುದು, ಸಂಜೆ ಟ್ಯೂಷನ್ನು, ಟಿ.ವಿ.ಗೆ ಬಟ್ಟೆ ಮುಚ್ಚುವುದು. ಆಟ ಬಂದ್ ಎಂದು ನಾನೇ ಹೇಳಿದ್ದೆ. ತಾತ ಮೊಮ್ಮಗ ಇಬ್ಬರೂ ತಲೆ ಆಡಿಸಿದ್ದರು.

ಜುಲೈ ತಿಂಗಳ ಒಂದು ಭಾನುವಾರ, "ದೇವಸ್ಥಾನಕ್ಕೆ ಹೋಗಿ ಬರ್ತೀವಮ್ಮ" ಎಂದು ಹೋದ ಇಬ್ಬರೂ ಹನ್ನೊಂದು ಗಂಟೆಯಾದರೂ ಬರಲಿಲ್ಲ. ಬಂದಾಗ ಆಟೋದಲ್ಲಿ ಬಂದರು. ಮಗನ ಮುಖ ಬಿಳಿಚಿಕೊಂಡಿತ್ತು. ಬಲಗೈಯನ್ನು ತಾತನ ಪಂಚೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿತ್ತು. ಬಸವೇಶ್ವರನಗರದ ಕಡೆ ಒಂದು ಮೈದಾನದಲ್ಲಿ ಆಡುವಾಗ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಅದೂ ಬರೆಯುವ ಕೈ!

ನಾನು ಆಗ ಆಡಿದ ಮಾತನ್ನು ಇಲ್ಲಿ ಪೂರ್ತಿ ಬರೆಯಲಾರೆ. "ಅವನ ಜೀವನ ಹಾಳು ಮಾಡೋಕೆ ನೀವೇ ಸಾಕು ಮಾವ. ನಿಮಗೆ ಬಾರದೇ ಇದ್ದ ಆಟ ಅವನ ಕೈಲಿ ಆಡಿಸ್ತೀರಾ?" ಎಂಬುದು ಅದರಲ್ಲಿ ಸ್ವಲ್ಪ ಮೆತ್ತಗಿನದು. ಎಂಬತ್ತೊಂದು ವರ್ಷದ ಮನುಷ್ಯ, ಅಂಗಿಗೆಲ್ಲ ಮಣ್ಣು, ಬಾಗಿಲ ಹತ್ತಿರ ನಿಂತುಕೊಂಡೇ ಕೇಳಿದರು. ಒಂದು ಮಾತೂ ಎದುರಾಡಲಿಲ್ಲ. ನಮ್ಮವರು ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆರು ವಾರ ಹಿಟ್ಟಿನ ಕಟ್ಟು. ನಾನು ಚೆಂಡನ್ನು ಎತ್ತಿ ಅಟ್ಟದ ಮೇಲೆ ಅಕ್ಕಿ ಡ್ರಮ್ಮಿನ ಹಿಂದಕ್ಕೆ ಎಸೆದೆ.

ಆಮೇಲೆ ಮನೆ ಮನೆಯಾಗಿರಲಿಲ್ಲ. ಮಾವನವರು ಸಿಟ್ಟು ಮಾಡಿಕೊಂಡಿದ್ದರೆ ವಾಸಿಯಾಗಿತ್ತು. ಕರೆದರೆ ಬರುವರು, ಬಡಿಸಿದ್ದು ಉಣ್ಣುವರು, ಎದ್ದು ತಮ್ಮ ಕೋಣೆಗೆ ಹೋಗುವರು. ಹುಳಿಗೆ ಉಪ್ಪು ಹೆಚ್ಚಾದರೂ ಹೇಳರು. ಟಿ.ವಿ. ಕಡೆ ತಿರುಗಿಯೂ ನೋಡರು. ಅವರಿಗೆ ಆಗಲೇ ಕಣ್ಣಿನ ಪೊರೆ ಬಲಿತಿತ್ತು. ದಿನಾ ಬೆಳಿಗ್ಗೆ ಮೊಮ್ಮಗ ಪೇಪರಿನ ಕೊನೆಯ ಪುಟ ಓದಿ ಹೇಳುತ್ತಿದ್ದ. ಅದೂ ನಿಂತಿತು. ನನಗೆ ತಪ್ಪು ಗೊತ್ತಾಗದೆ ಇರಲಿಲ್ಲ. ಆದರೆ ಸೊಸೆಯಾದವಳು ಮಾವನ ಮುಂದೆ ನಿಂತು ಹೇಗೆ ಹೇಳುವುದು? ದೊಡ್ಡ ಮಾತು ಆಡುವಾಗ ಸುಲಭವಾಗಿ ತಿರುಗಿದ ನಾಲಿಗೆ ಇದಕ್ಕೆ ತಿರುಗಲಿಲ್ಲ.

ಆ ವರ್ಷ ಗಣೇಶನ ಹಬ್ಬ ಆಗಸ್ಟ್ 25ಕ್ಕೆ ಬಂದಿತ್ತು. ಹಬ್ಬ ಕಳೆದು ಸೋಮವಾರ ಬೆಳಿಗ್ಗೆ ಉಳಿದ ಕರ್ಜಿಕಾಯಿಗಳನ್ನು ಡಬ್ಬಕ್ಕೆ ತುಂಬಲು ಕೆಳಗೆ ಹಾಸಿದ್ದ ಪೇಪರನ್ನು ನೋಡಿದೆ. ಆ ದಿನದ್ದೇ, ಇನ್ನೂ ಯಾರೂ ಓದಿರಲಿಲ್ಲ. ಒಂದು ಮುದುಕರ ಫೋಟೋ. ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ 27ನೇ ತಾರೀಖು ತೀರಿಕೊಂಡರು, ತೊಂಬತ್ತು ವರ್ಷವಾಗಿತ್ತು ಎಂದು ಇತ್ತು. ಈ ಹೆಸರು ನಾನು ಕೇಳಿದ್ದೆ. ಮಾವನವರ ಬಾಯಲ್ಲಿ ಎಷ್ಟೋ ಸಲ ಬಂದಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಕೈ ತೊಳೆದುಕೊಂಡು ಪೇಪರ್ ತೆಗೆದುಕೊಂಡು ಅವರ ಕೋಣೆಗೆ ಹೋದೆ. "ಮಾವ, ಅಹ್ಮದ್ ಖಾನ್ ಅಂತ..." ಎಂದೆ. ಅವರು ಮಂಚದ ಮೇಲೆ ಎದ್ದು ಕೂತರು. "ಹೋದ್ರಾ?" ಎಂದರು. "ಹ್ಞೂಂ ಮಾವ." ಬಹಳ ಹೊತ್ತು ಸುಮ್ಮನಿದ್ದು, "ಓದಮ್ಮಾ" ಎಂದರು. ನಾನು ನೆಲದ ಮೇಲೆ ಕೂತು ಓದಿದೆ. ಅದರಲ್ಲಿ ಇದ್ದದ್ದು ನಾಲ್ಕೇ ಪ್ಯಾರಾ. ಮಿಕ್ಕದ್ದನ್ನು ಮಾವನವರು ಹೇಳಿದರು. ಸ್ಟೌ ಮೇಲೆ ಇಟ್ಟಿದ್ದ ಹಾಲು ಉಕ್ಕಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಇದೇ ಬೆಂಗಳೂರಿನಲ್ಲಿ. ಮನೆಯೇ ಫುಟ್‌ಬಾಲಿನ ಮನೆ. ತಂದೆಯೂ ಆಟಗಾರರು, ಅಣ್ಣತಮ್ಮಂದಿರೂ ಆಟಗಾರರು. ಆಗ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಇತ್ತು. ಬೊಂಬಾಯಿಯಲ್ಲಿ ರೋವರ್ಸ್ ಕಪ್ ಎಂದು ದೊಡ್ಡ ಪಂದ್ಯ ನಡೆಯುತ್ತಿತ್ತು. 1891ರಿಂದ ನಡೆದು ಬಂದ ಆ ಕಪ್ಪನ್ನು ವರ್ಷ ವರ್ಷವೂ ಬ್ರಿಟಿಷ್ ಸೋಲ್ಜರುಗಳ ತಂಡಗಳೇ ಹೊತ್ತುಕೊಂಡು ಹೋಗುತ್ತಿದ್ದವು. 1937ರಲ್ಲಿ ಅದನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಕಲ್ಕತ್ತದ್ದಲ್ಲ, ಬೊಂಬಾಯಿಯದ್ದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಮಾರನೇ ವರ್ಷ ಮತ್ತೆ ಗೆದ್ದಿತು. ಅಹ್ಮದ್ ಆಗ ಹತ್ತು ಹನ್ನೊಂದು ವರ್ಷದ ಹುಡುಗ. ಅಂಥ ಊರಿನಲ್ಲಿ ಬೆಳೆದ ಹುಡುಗ ಇನ್ನೇನು ಆಗುತ್ತಾನೆ? ದೊಡ್ಡವನಾಗಿ ಅದೇ ತಂಡಕ್ಕೆ ಆಡಿದ.

ಅವರು ಆಡುತ್ತಿದ್ದದ್ದು ಮುಂದಿನ ಸಾಲಿನಲ್ಲಿ ಎಡಗಡೆಗೆ, ನಡುವಿನವನಿಗೂ ಅಂಚಿನವನಿಗೂ ಮಧ್ಯೆ. ಮಾವನವರು ನನಗೆ ಅರ್ಥವಾಗಲೆಂದು ಮಂಚದ ಮೇಲೆ ಐದು ಕರ್ಜಿಕಾಯಿ ಸಾಲಾಗಿ ಇಟ್ಟು ತೋರಿಸಿದರು. ಆ ಜಾಗದವನ ಕೆಲಸ ತಾನೇ ಗೋಲು ಹೊಡೆಯುವುದಕ್ಕಿಂತ ಹೆಚ್ಚಾಗಿ ಎದುರಾಳಿಗಳನ್ನು ದಾರಿ ತಪ್ಪಿಸಿ ಚೆಂಡನ್ನು ಹೊಡೆಯುವವನ ಕಾಲಿಗೆ ತಲುಪಿಸುವುದು. ಬಡಿಸುವವರ ಕೆಲಸ ಎಂದುಕೊಂಡೆ ನಾನು. ಅಹ್ಮದರ ಕಾಲಿಗೆ ಬಂದ ಚೆಂಡನ್ನು ಇಬ್ಬರು ಮೂವರು ಸೇರಿದರೂ ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಹಾವಾಡಿಗ ಎಂದೇ ಅವರನ್ನು ಕರೆಯುತ್ತಿದ್ದರು. ಹಾವು ಪುಂಗಿಯ ಹಿಂದೆ ಬರುವ ಹಾಗೆ ಚೆಂಡು ಆ ಕಾಲಿನ ಹಿಂದೆ ಬರುತ್ತಿತ್ತಂತೆ. ಅದೂ ಬರಿಗಾಲು.

ಬರಿಗಾಲು ಎಂದ ಕೂಡಲೆ, "ಪಾಪ, ಬೂಟು ಕೊಳ್ಳೋಕೆ ದುಡ್ಡಿರಲಿಲ್ವೇನೋ" ಎಂದೆ. ಮಾವನವರು ಒಂದು ತಿಂಗಳ ಮೇಲೆ ಮೊದಲ ಸಲ ನನ್ನ ಮುಂದೆ ನಕ್ಕರು. "ನೀನು ಚಪಾತಿ ಹಿಟ್ಟು ಕಲಸುವಾಗ ಕೈಗೆ ಗ್ಲೌಸ್ ಹಾಕ್ಕೋತೀಯೇನಮ್ಮ?" ಎಂದು ಕೇಳಿದರು. ಬೂಟು ಬಿಗಿದುಕೊಂಡರೆ ಚೆಂಡಿನ ಸ್ಪರ್ಶ ಸಿಗದು ಎಂಬುದು ಆಗಿನವರ ಲೆಕ್ಕ. ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಇಳಿಯುತ್ತಿದ್ದರು. ಎದುರಿಗೆ ಮೊಳೆಬೂಟಿನ ಸೋಲ್ಜರು ಬಂದು ತುಳಿದರೂ ಸರಿಯೇ. ಮಾವನವರ ಹೆಬ್ಬೆರಳಿನ ಉಗುರು ಹೋದದ್ದು ಈ ಲೆಕ್ಕದಲ್ಲೇ.

ಇನ್ನು ಫ್ರಾನ್ಸಿನ ಕಥೆ. 1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಮ್ಮ ಫುಟ್‌ಬಾಲ್ ತಂಡ ಹೋಯಿತು. ನಾಯಕ ನಾಗಾ ಗುಡ್ಡಗಾಡಿನ ತಾಲಿಮೆರೆನ್ ಆವೊ, ಮುಂದೆ ಡಾಕ್ಟರಾದವರು. ನಮ್ಮ ಬೆಂಗಳೂರಿನಿಂದ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್ ಇವರೆಲ್ಲ ಹೋಗಿದ್ದರು. ಅಹ್ಮದರಿಗೆ ಆಗ ಇಪ್ಪತ್ತೊಂದು. ಜುಲೈ 31ರಂದು ಲಂಡನ್ ಹತ್ತಿರದ ಇಲ್‌ಫರ್ಡ್ ಎಂಬಲ್ಲಿ ಫ್ರಾನ್ಸಿನ ಮೇಲೆ ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಇಂಗ್ಲಿಷರ ಪೇಪರಿನವರು ಬೂಟು ಯಾಕಿಲ್ಲ ಎಂದು ಕೇಳಿದ್ದಕ್ಕೆ ಆವೊ, "ನಾವು ಆಡೋದು ಫುಟ್‌ಬಾಲ್, ನೀವು ಆಡೋದು ಬೂಟ್‌ಬಾಲ್" ಎಂದರಂತೆ. ಚೆನ್ನಾಗಿದೆ ಅಲ್ಲವೇ?

ಅರ್ಧ ಗಂಟೆಗೆ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಆಮೇಲೆ ನಮಗೆ ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಎಂದರೆ ಎದುರಿಗೆ ಗೋಲಿ ಒಬ್ಬನೇ, ಅಡ್ಡ ಬರುವವರು ಇನ್ನಾರೂ ಇಲ್ಲ. ಬಾಯಿಗೆ ತುತ್ತು ಇಟ್ಟ ಹಾಗೆ. ಆ ತುತ್ತು ಜಾರಿತು. ಒಂದಲ್ಲ, ಅವತ್ತು ಎರಡು ಪೆನಾಲ್ಟಿ ಸಿಕ್ಕಿ ಎರಡೂ ಹೋದವು. ಒಂದನ್ನು ಹೊಡೆದವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ್ ಪ್ರಸಾದ್. ನಡುವೆ ಎಪ್ಪತ್ತನೇ ನಿಮಿಷಕ್ಕೆ ನಮ್ಮ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹೊಡೆದ ಮೊದಲನೇ ಗೋಲು ಅದು, ಹೊಡೆದದ್ದು ಬೆಂಗಳೂರಿನ ಕಾಲು. ಇದನ್ನು ನಾವು ಸ್ಕೂಲಿನಲ್ಲಿ ಎಲ್ಲಾದರೂ ಓದಿದ್ದೇವಾ? ನಾನಂತೂ ಓದಿಲ್ಲ. ಇನ್ನೇನು ಆಟ ಮುಗಿಯಿತು ಎನ್ನುವಾಗ, ತೊಂಬತ್ತು ನಿಮಿಷಕ್ಕೆ ಒಂದು ನಿಮಿಷ ಬಾಕಿ ಇರುವಾಗ, ಫ್ರಾನ್ಸಿನವರು ಇನ್ನೊಂದು ಗೋಲು ಹೊಡೆದು ಗೆದ್ದುಬಿಟ್ಟರು.

ಹನ್ನೆರಡು ವರ್ಷದ ಹುಡುಗ ಮಾವನವರು ಶ್ರೀರಾಮಪುರದ ಕ್ಷೌರದಂಗಡಿಯಲ್ಲಿ ಯಾರೋ ಪೇಪರ್ ಓದುವಾಗ ಇದನ್ನು ಕೇಳಿದರಂತೆ. "ಒಂದು ನಿಮಿಷ ನೋಡಮ್ಮ, ಒಂದೇ ನಿಮಿಷ!" ಎಂದು ಅರವತ್ತೊಂಬತ್ತು ವರ್ಷದ ಮೇಲೆ ನನ್ನ ಮುಂದೆ ಬೆರಳು ಎತ್ತಿ ತೋರಿಸಿದರು. 2002ರ ಚಪ್ಪಾಳೆ ನನಗೆ ಅವತ್ತು ಅರ್ಥವಾಯಿತು.

ಮಾವನವರು ಅಲ್ಲಿಗೆ ನಿಲ್ಲಿಸಲಿಲ್ಲ. "ಆ ಮನ್ನಾ ಪೆನಾಲ್ಟಿ ತಪ್ಪಿಸಿದರಲ್ಲ, ಯಾರೂ ಅವರ ಮುಖಕ್ಕೆ ಎತ್ತಿ ಆಡಲಿಲ್ಲಮ್ಮ. ಮೂರು ವರ್ಷಕ್ಕೆ ಅವರನ್ನೇ ಕ್ಯಾಪ್ಟನ್ ಮಾಡಿದರು" ಎಂದರು. ನನಗೆಂದು ಹೇಳಿದ್ದಲ್ಲ. ಅವರು ಅಂಥವರಲ್ಲ, ಆಟದ ಮಾತನ್ನು ಆಟದ ಮಾತಾಗಿಯೇ ಹೇಳಿದರು. ಆದರೆ ನೆಲದ ಮೇಲೆ ಕೂತಿದ್ದ ನನ್ನ ಎದೆಗೆ ಅದು ತಾಗಿತು. ತಲೆ ಎತ್ತಲಿಲ್ಲ, ಪೇಪರಿನ ಮಡಿಕೆ ಸರಿ ಮಾಡುತ್ತ ಕೂತೆ.

1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲನೇ ಏಷ್ಯನ್ ಕ್ರೀಡಾಕೂಟ. ಮನ್ನಾ ನಾಯಕ, ಹೈದರಾಬಾದಿನ ರಹೀಮ್ ಸಾಹೇಬರು ತರಬೇತಿ ಕೊಟ್ಟವರು, ಅಹ್ಮದ್ ತಂಡದಲ್ಲಿ. ಇಂಡೋನೇಷ್ಯಾ ಮೂರು ಸೊನ್ನೆ, ಆಫ್ಘಾನಿಸ್ತಾನ ಮೂರು ಸೊನ್ನೆ, ಕೊನೆಯಲ್ಲಿ ಇರಾನಿನ ಮೇಲೆ ಒಂದು ಸೊನ್ನೆ. ಮೇವಾಲಾಲ್ ಹೊಡೆದ ಗೋಲಿನಿಂದ ಚಿನ್ನದ ಪದಕ ನಮಗೆ ಬಂತು. ಅದಕ್ಕೆ ಮುಂಚೆ 1950ರಲ್ಲಿ ಬ್ರೆಜಿಲ್ಲಿಗೆ ವಿಶ್ವಕಪ್ಪಿಗೆ ಹೋಗುವ ಅವಕಾಶವೂ ಇತ್ತು, ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂದು ಹೋಗಲಿಲ್ಲ ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅದು ನಿಜವಲ್ಲ, ಒಲಿಂಪಿಕ್ಸಿನ ಮುಂದೆ ವಿಶ್ವಕಪ್ಪಿನ ಬೆಲೆ ಆಗಿನ ನಮ್ಮ ದೊಡ್ಡವರಿಗೆ ತಿಳಿದಿರಲಿಲ್ಲ ಎಂದು ಮನ್ನಾ ಅವರೇ ಮುಂದೆ ಹೇಳಿದರು.

ಲಂಡನ್ನಿನಿಂದ ಬಂದ ಮಾರನೇ ವರ್ಷ, 1949ರಲ್ಲಿ, ಅಹ್ಮದ್ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿದರು. ನಮ್ಮ ರಾಜಾಜಿನಗರಕ್ಕೆ ಕಲ್ಲು ಬಿದ್ದ ವರ್ಷವೇ ಎಂದು ಮಾವನವರು ಜ್ಞಾಪಕ ಇಟ್ಟುಕೊಂಡಿದ್ದರು. ಅಲ್ಲಿ ಮುಂದಿನ ಸಾಲಿನ ಐವರನ್ನು ಪಂಚಪಾಂಡವರು ಎಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರೂ ದಕ್ಷಿಣದ ಕಡೆಯವರು! ತೆಲುಗರು, ಮಲೆಯಾಳಿ, ಬೆಂಗಳೂರಿನವರು. ಅವರಲ್ಲಿ ಅಹ್ಮದರೂ ಒಬ್ಬ ಪಾಂಡವ ಎಂಬುದು ನನಗೆ ಬಹಳ ಹಿಡಿಸಿತು. ಯಾರು ಯಾವ ಪಾಂಡವ ಎಂದು ಕೇಳಿದೆ. ಅದು ಮಾವನವರಿಗೂ ಗೊತ್ತಿರಲಿಲ್ಲ. ಕಾಲಿನ ಗುರಿ ನೋಡಿದರೆ ಅರ್ಜುನ ಆಗಬೇಕು ಎಂದು ನಾನೇ ಅಂದುಕೊಂಡೆ. ಈ ಐವರು ಸೇರಿ 1949ರಲ್ಲೇ ಕಲ್ಕತ್ತ ಲೀಗು, ಐ.ಎಫ್.ಎ. ಶೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಗೆದ್ದುಕೊಟ್ಟರು. ಶೀಲ್ಡನ್ನಂತೂ 1949, 50, 51 ಮೂರು ವರ್ಷವೂ ಸಾಲಾಗಿ ಬಿಟ್ಟುಕೊಡಲಿಲ್ಲ. ದೇಶ ಒಡೆದು ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ಸಾವಿರಾರು ಸಂಸಾರಗಳಿಗೆ ಆ ತಂಡ ಎಂದರೆ ತವರಿನ ಹೆಸರು. ಅವರ ಮಾನ ಉಳಿಸಿದವರು ಬಂಗಾಳಿ ಒಂದಕ್ಷರ ಬಾರದೆ ರೈಲು ಹತ್ತಿ ಹೋದ ನಮ್ಮ ಕಡೆಯ ಹುಡುಗರು. ಅನ್ನಕ್ಕೆ ಮೀನುಸಾರು ಹಾಕುವ ಊರಿನಲ್ಲಿ ಅವರು ಏನು ಉಂಡರೋ, ಯಾರು ಬಡಿಸಿದರೋ! ನನಗೆ ಇಂಥದೇ ಯೋಚನೆ ಬರುತ್ತದೆ, ಏನು ಮಾಡುವುದು.

1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್. ಅದು ಫಿನ್ಲೆಂಡ್ ದೇಶ, ಬೇಸಿಗೆಯಲ್ಲೂ ಚಳಿ. ಜುಲೈ 15ರಂದು ಯುಗೊಸ್ಲಾವಿಯಾ ಮೇಲೆ ಆಟ. ಬರಿಗಾಲಿನ ನಮ್ಮವರು ಆ ಒದ್ದೆ ಹುಲ್ಲಿನ ಮೇಲೆ ನಿಲ್ಲಲಾಗದೆ ಸೋತರು. ಸೋಲು ಎಂದರೆ ಸಾಮಾನ್ಯ ಸೋಲಲ್ಲ, ಹತ್ತು ಒಂದು. ಆ ಯುಗೊಸ್ಲಾವಿಯಾದವರು ಮುಂದೆ ಬೆಳ್ಳಿ ಪದಕ ಗೆದ್ದವರು, ಸಾಮಾನ್ಯರಲ್ಲ. ಆದರೂ ಹತ್ತು ಎಂದರೆ ಹತ್ತೇ. ಆಮೇಲಿನಿಂದ ನಮ್ಮಲ್ಲೂ ಬೂಟು ಕಡ್ಡಾಯವಾಯಿತು.

ಆ ಹತ್ತು ಒಂದರಲ್ಲಿನ ಒಂದು ಅಹ್ಮದ್ ಖಾನರದ್ದು. ಹೊಡೆದದ್ದು ಎಂಬತ್ತೊಂಬತ್ತನೇ ನಿಮಿಷದಲ್ಲಿ. "ಹತ್ತು ಗೋಲು ತಿಂದ ಮೇಲೆ ಯಾರಿಗೆ ಬೇಕು ಹೇಳು, ಎಲ್ಲರೂ ಗಂಟೆ ನೋಡ್ತಾ ಇರ್ತಾರೆ. ಈತ ಓಡ್ತಾನೇ ಇದ್ದ" ಎಂದು ಹೇಳಿ ಮಾವನವರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. ಪೊರೆ ಬಂದ ಕಣ್ಣು, ನೀರು ಸುಮ್ಮನೆಯೂ ಬರುತ್ತಿತ್ತು. ಅವತ್ತಿನದು ಯಾವುದು ಎಂದು ನಾನು ಕೇಳಲಿಲ್ಲ.

ಮಿಕ್ಕದ್ದು ಬೇಗ ಹೇಳುತ್ತೇನೆ. 1953ರಲ್ಲಿ ಈಸ್ಟ್ ಬೆಂಗಾಲಿನವರು ರುಮೇನಿಯಾ, ರಷ್ಯಾ ದೇಶಗಳಿಗೂ ಹೋಗಿ ಆಡಿ ಬಂದರು. 1954ರಲ್ಲಿ ಮನಿಲಾದ ಏಷ್ಯನ್ ಕ್ರೀಡಾಕೂಟಕ್ಕೂ ಅಹ್ಮದ್ ಹೋದರು. ಒಂದೇ ತಂಡದಲ್ಲಿ ಹತ್ತು ವರ್ಷವಿದ್ದು 1959ರಲ್ಲಿ ಆ ತಂಡದ ಆಟ ಬಿಟ್ಟರು. ಆಗ ಆಟಗಾರರಿಗೆ ಈಗಿನ ಹಾಗೆ ಕೋಟಿಗಟ್ಟಲೆ ಹಣದ ಮಾತಿಲ್ಲ, ಜಾಹೀರಾತಿಲ್ಲ. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲೇ. ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೆ ಎಂಬತ್ತು ತೊಂಬತ್ತರ ಆ ಮನುಷ್ಯ ಇದ್ದರು. ಮಾವನವರಿಗೆ ಒಂದು ಸಲ ನೋಡಬೇಕು ಎಂಬ ಆಸೆ ಇತ್ತಂತೆ. ಯಾರನ್ನು ಕೇಳುವುದು, ಯಾರು ಕರೆದುಕೊಂಡು ಹೋಗುವುದು ಎಂದು ಸುಮ್ಮನಾದರಂತೆ. ನಮ್ಮನ್ನು ಕೇಳಬಹುದಿತ್ತಲ್ಲ ಎಂದು ನಾನು ಹೇಳಲು ಬಾಯಿ ತೆರೆದೆ. ಕೇಳಿದ್ದರೆ ನಾನು ಏನನ್ನುತ್ತಿದ್ದೆ ಎಂಬುದು ನೆನಪಾಗಿ ಮುಚ್ಚಿದೆ.

ಅಷ್ಟರಲ್ಲಿ ಹಾಲು ಸೀದ ವಾಸನೆ ಬಂತು. ಓಡಿಹೋಗಿ ಸ್ಟೌ ಆರಿಸಿ, ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದೆ. ಅಕ್ಕಿ ಡ್ರಮ್ಮಿನ ಹಿಂದೆ ಕೈಯಿಟ್ಟು ಚೆಂಡು ಎಳೆದೆ. ಜೇಡರ ಬಲೆ, ಧೂಳು. ಸೆರಗಿನಲ್ಲಿ ಒರೆಸಿ ತಂದು ಮಾವನವರ ಮಂಚದ ಮೇಲೆ, ಆ ಐದು ಕರ್ಜಿಕಾಯಿಗಳ ಪಕ್ಕ ಇಟ್ಟೆ. "ಪರೀಕ್ಷೆ ಮುಗಿದ ಮೇಲೆ ಮಾವ. ಮತ್ತೆ ದೇವಸ್ಥಾನ ಅಂತ ಸುಳ್ಳು ಹೇಳಬೇಡಿ" ಎಂದೆ. ತಪ್ಪಾಯಿತು ಎಂಬ ಮಾತು ಬರಲೇ ಇಲ್ಲ, ಇದು ಬಂತು. ಮಾವನವರು ಚೆಂಡನ್ನು ಒತ್ತಿ ನೋಡಿ, "ಗಾಳಿ ಇಳಿದಿದೆ" ಎಂದರು. ಆ ಮಧ್ಯಾಹ್ನ ಊಟಕ್ಕೆ ಕೂತು, "ಸಾರಿಗೆ ಒಂಚೂರು ಉಪ್ಪು ಬೇಕಿತ್ತು" ಎಂದಾಗ ನನಗೆ ಆದ ಸಮಾಧಾನ ಹೇಳಲಾರೆ.

ಮಗನ ಕೈ ಕೂಡಿಕೊಂಡಿತು. ಪರೀಕ್ಷೆಯೂ ಬರೆದ. ರ್‍ಯಾಂಕ್ ಏನೂ ಬರಲಿಲ್ಲ, ಒಳ್ಳೆಯ ಅಂಕ ಬಂತು. 2018ರ ಜುಲೈ 15ರಂದು ವಿಶ್ವಕಪ್ಪಿನ ಕೊನೆಯ ಆಟಕ್ಕೆ ಈ ಸಲ ನಾನೂ ಕೂತೆ. ಫ್ರಾನ್ಸಿಗೂ ಕ್ರೊಯೇಷಿಯಾಕ್ಕೂ. ಕ್ರೊಯೇಷಿಯಾ ಎಂದರೆ ಹಿಂದಿನ ಯುಗೊಸ್ಲಾವಿಯಾದ ಒಂದು ಭಾಗವೇ. ಹೆಲ್ಸಿಂಕಿಯಲ್ಲಿ ನಮ್ಮ ಮೇಲೆ ನಾಲ್ಕು ಗೋಲು ಹೊಡೆದ ಜೆಬೆಕ್ ಹುಟ್ಟಿದ ಊರು ಅಲ್ಲಿದೆ. ತಾರೀಖೂ ಅದೇ ಜುಲೈ 15. ಮಾವನವರಿಗೆ ಧರ್ಮಸಂಕಟ. "ಇಬ್ಬರೂ ನಮ್ಮನ್ನ ಸೋಲಿಸಿದೋರೇ, ಯಾರಿಗೆ ಅಂತ ಚಪ್ಪಾಳೆ ಹೊಡೀಲಿ?" ಎಂದು ಕೈಕಟ್ಟಿ ಕೂತರು. ಫ್ರಾನ್ಸ್ ನಾಲ್ಕು ಎರಡರಿಂದ ಗೆದ್ದಾಗ, "ಹೋಗ್ಲಿ ಬಿಡು, ಇನ್ನೆಷ್ಟು ವರ್ಷ ದ್ವೇಷ ಸಾಧಿಸೋದು" ಎಂದು ಎದ್ದು ಮಲಗಲು ಹೋದರು.

ಅವರು ತೀರಿಕೊಂಡದ್ದು 2021ರಲ್ಲಿ.

ಒಂದು ಮಾತು ಹೇಳುವುದು ಬಿಟ್ಟೆ. ರಾಜ್ಯ ರಾಜ್ಯಗಳ ನಡುವೆ ಆಡುವ ಸಂತೋಷ್ ಟ್ರೋಫಿಯನ್ನು ನಮ್ಮ ಹಳೇ ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು. ನಾಲ್ಕೂ ಸಲ ಬಂಗಾಳವನ್ನೇ ಸೋಲಿಸಿ. ಕೊನೆಯದು 1968-69ರಲ್ಲಿ. ಆಮೇಲೆ ರಾಜ್ಯದ ಹೆಸರು ಕರ್ನಾಟಕವಾಯಿತು, ಕಪ್ಪು ಬರಲಿಲ್ಲ. ಪ್ರತಿ ವರ್ಷ ಮಾವನವರು, "ಈ ಸಲ ನೋಡಮ್ಮ" ಎನ್ನುತ್ತಿದ್ದರು, ಕೆರೆ ತುಂಬುತ್ತೆ ಎಂದು ಮೋಡ ನೋಡುವವರ ಹಾಗೆ. 2023ರ ಮಾರ್ಚ್ 4, ಶನಿವಾರ. ಕೊನೆಯ ಆಟ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಮಗ ಮೊಬೈಲಿನಲ್ಲಿ ಹಾಕಿಕೊಂಡು ಅಡಿಗೆ ಮನೆಗೇ ಬಂದು ಉಪ್ಪಿನ ಜಾಡಿಗೆ ಒರಗಿಸಿ ಇಟ್ಟ. ನಾನು ರಾತ್ರಿ ಪಾತ್ರೆ ತೊಳೆಯುತ್ತ ನೋಡಿದೆ. ಮೇಘಾಲಯದ ಮೇಲೆ ಕರ್ನಾಟಕ ಮೂರು ಎರಡು. ಐವತ್ತನಾಲ್ಕು ವರ್ಷಕ್ಕೆ ಬಂತು. ಸೀಟಿ ಊದಿದಾಗ ಕೈಯಲ್ಲಿ ಸೋಪಿನ ನೊರೆ ಇದ್ದ ಹಾಗೆಯೇ ಚಪ್ಪಾಳೆ ಹೊಡೆದೆ. ನಮ್ಮವರು ನಿದ್ದೆಯಿಂದ ಎದ್ದು ಬಂದು, "ಏನಾಯ್ತೇ?" ಎಂದರು.

"ತಾತಂಗೆ ಹೇಳ್ಬೇಕಿತ್ತು" ಎಂದ ಮಗ. ಅಡಿಗೆ ಪುಸ್ತಕ ತೆಗೆದು ಅಹ್ಮದ್ ಖಾನರ ಫೋಟೋದ ಕೆಳಗೆ, ಹಾಗಲಕಾಯಿ ಗೊಜ್ಜಿನ ಎಣ್ಣೆ ತಾಗಿದ ಜಾಗ ಬಿಟ್ಟು, 3-2 ಎಂದು ಪೆನ್ನಿನಲ್ಲಿ ಬರೆದ. ಆಮೇಲೆ ಚೆಂಡು ಎಲ್ಲಿ ಎಂದು ಹುಡುಕಿದ. ಅದು ಮಾವನವರ ಮಂಚದ ಕೆಳಗೇ ಇತ್ತು, ಮತ್ತೆ ಗಾಳಿ ಇಳಿದಿತ್ತು.